ಟ್ರಂಕು ಆಮೇಲೆ, ಮೊದಲು ವಸಾಯಿಗೆ ಹೋಗಿ

ಪ್ರಶ್ನೆ: ನಾನು ಡೊಂಬಿವಲಿಯವನು. ಅಪ್ಪ ಉಡುಪಿ ಕಡೆಯಿಂದ ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟ್‌ನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ಆಮೇಲೆ ನಮ್ಮ ಕಡೆಯ ಕನ್ನಡ ಸಂಘಕ್ಕೆ ತುಂಬಾ ವರ್ಷ ಕಾರ್ಯದರ್ಶಿಯಾಗಿದ್ದರು. ಹೋದ ವರ್ಷ ತೀರಿಕೊಂಡರು. ಈಗ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿದೆವು. ಅದರಲ್ಲಿ ಸುಮಾರು 400 ಫೋಟೊ, ಹಳೆಯ ರಸೀದಿ ಪುಸ್ತಕ, ಆಮಂತ್ರಣ ಪತ್ರಿಕೆ ಇವೆ. ಕೆಲವು ಅಂಟಿಕೊಂಡಿವೆ, ಕೆಲವಕ್ಕೆ ಬೂಸ್ಟು ಹಿಡಿದಿದೆ. ಹೆಚ್ಚಿನವುಗಳ ಹಿಂದೆ ಹೆಸರಿಲ್ಲ. ಸಂಘಕ್ಕೆ 50 ವರ್ಷ, ಸ್ಮರಣ ಸಂಚಿಕೆಗೆ ಫೋಟೊ ಬೇಕು ಅಂತಿದ್ದಾರೆ. ಯಾವ ಸ್ಕ್ಯಾನರ್ ಕೊಳ್ಳಲಿ? ಏನನ್ನು ಇಡಲಿ, ಏನನ್ನು ಬಿಸಾಡಲಿ? ಒಂದು ಗುಂಪು ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ, ಯಾವ ವರ್ಷದ್ದು ಅಂತ ಹೇಳಬಹುದೇ? ಅಪ್ಪನ ಜೊತೆ ಓದಿದ ಹಿರಿಯರೊಬ್ಬರು ವಸಾಯಿಯಲ್ಲಿದ್ದಾರೆ, 82 ವರ್ಷ. ಬೆಳಿಗ್ಗೆ ಚುರುಕಾಗಿರುತ್ತಾರೆ, ಮಧ್ಯಾಹ್ನದ ಮೇಲೆ ಮರೆವು ಜಾಸ್ತಿ.

ಉತ್ತರ: ಸ್ಕ್ಯಾನರ್ ವಿಷಯಕ್ಕೆ ಬರುತ್ತೇನೆ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ ಎರಡು ಸಾಲು ಬರೆದಿದ್ದೀರಲ್ಲ, ವಸಾಯಿಯ ಹಿರಿಯರ ಬಗ್ಗೆ. ನನ್ನ ಕಣ್ಣು ಹೋಗಿ ನಿಂತದ್ದು ಅಲ್ಲೇ. ಟ್ರಂಕಿನಲ್ಲಿ ಅರವತ್ತು ವರ್ಷ ಇದ್ದ ಕಪ್ಪು ಬಿಳುಪು ಫೋಟೊ ಇನ್ನು ಆರು ತಿಂಗಳು ಕಾಯುತ್ತದೆ. ಅವರ ನೆನಪು ಕಾಯುವುದಿಲ್ಲ.

ಹಳೆಯ ಫೋಟೊ, ಕಾಗದಗಳನ್ನು ಕಾಪಾಡುವ ಕೆಲಸದಲ್ಲಿ ನನಗೆ ಮೂವತ್ತು ವರ್ಷ ಕಳೆಯಿತು. ಕಣ್ಣೆದುರು ಮತ್ತೆ ಮತ್ತೆ ನಡೆದದ್ದು ಒಂದೇ. ಮನೆಯವರು ದುಬಾರಿ ಸ್ಕ್ಯಾನರ್ ತರುತ್ತಾರೆ, ಆರು ತಿಂಗಳು ಕೂತು ಎಲ್ಲವನ್ನೂ ಚೆಂದವಾಗಿ ಕಂಪ್ಯೂಟರಿಗೆ ಹಾಕುತ್ತಾರೆ. ಅಷ್ಟರಲ್ಲಿ ಹೆಸರು ಹೇಳಬೇಕಾದವರು ಹೋಗಿಬಿಟ್ಟಿರುತ್ತಾರೆ. ಉಳಿಯುವುದು ಯಾರದೋ ಮದುವೆಯಲ್ಲಿ ಯಾರೋ ನಿಂತಿರುವ ಸ್ಪಷ್ಟವಾದ ಚಿತ್ರಗಳು. ಹೆಸರಿಲ್ಲದ ಫೋಟೊವನ್ನು ಮೊಮ್ಮಕ್ಕಳ ಕಾಲದಲ್ಲಿ ರದ್ದಿಯವನೂ ಮುಟ್ಟುವುದಿಲ್ಲ.

ಹಾಗಾಗಿ ಈ ಭಾನುವಾರವೇ ಹೊರಡಿ. ಮೂಲ ಫೋಟೊ ಒಯ್ಯಬೇಡಿ. ಹತ್ತು ಫೋಟೊ ಆರಿಸಿ, ಮೊಬೈಲಿನಲ್ಲೇ ತೆಗೆದು ಎ-4 ಹಾಳೆಯಲ್ಲಿ ಒಂದೊಂದಾಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಝೆರಾಕ್ಸ್ ಅಂಗಡಿಯ ಪ್ರಿಂಟ್ ಸಾಕು. ಪ್ರತಿ ತಲೆಯ ಮೇಲೂ ಕೆಂಪು ಪೆನ್ನಿನಿಂದ ಒಂದು ನಂಬರ್ ಹಾಕಿ. ಹತ್ತಕ್ಕಿಂತ ಜಾಸ್ತಿ ಬೇಡ. ಹಿರಿಯರಿಗೆ ನಲವತ್ತು ಫೋಟೊ ಒಟ್ಟಿಗೆ ಕೊಟ್ಟರೆ ಮೊದಲ ನಾಲ್ಕನ್ನು ನೋಡುತ್ತಾರೆ, ಉಳಿದದ್ದಕ್ಕೆ "ಹೌದು, ಇವರೆಲ್ಲ ನಮ್ಮವರೇ" ಅಂತ ಹೇಳಿ ಕಾಫಿ ತರಿಸುತ್ತಾರೆ.

ಕೂತ ಕೂಡಲೆ "ಇದು ಯಾರು, ಇದು ಯಾರು" ಅಂತ ಬೆರಳಿಟ್ಟು ಕೇಳಬೇಡಿ. ಅದು ಪರೀಕ್ಷೆಯ ಹಾಗಾಗುತ್ತದೆ. ಹೆಸರು ನೆನಪಾಗದಿದ್ದರೆ ಅವರಿಗೇ ಬೇಜಾರಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತಾರೆ. ಅವತ್ತು ಊಟಕ್ಕೆ ಏನು ಮಾಡಿದ್ದರು, ಕುರ್ಚಿ ಎಲ್ಲಿಂದ ತಂದಿದ್ದರು, ಶಾಲೆ ಬಿಟ್ಟ ಮೇಲೆ ಎಲ್ಲಿ ಮಲಗುತ್ತಿದ್ದರು, ಇಂಥದ್ದು ಕೇಳಿ. ಮಾಟುಂಗಾದಲ್ಲಿ ಹಿರಿಯರೊಬ್ಬರ ಮುಂದೆ ನಾನು ಇಡೀ ಒಂದು ಬೆಳಿಗ್ಗೆ ಒಂದೇ ಫೋಟೊ ಹಿಡಿದು ಕೂತಿದ್ದೆ. ಒಂದೂ ಹೆಸರು ಬರಲಿಲ್ಲ. ಕೊನೆಗೆ, ಮುಂದೆ ಹಾಸಿದ ಜಮಖಾನ ಯಾರದ್ದು ಅಂತ ಸುಮ್ನೆ ಕೇಳಿದೆ. "ಅದು ನಮ್ಮ ಹೋಟೆಲಿನ ಭಟ್ಟರದ್ದು, ವಾಪಸ್ ಕೊಡುವಾಗ ಶಾಯಿ ಚೆಲ್ಲಿತ್ತು, ಚೆಲ್ಲಿದವನು ಇಗೋ ಇವನು" ಅಂದರು. ಆ ಶಾಯಿಯ ಹಿಂದೆಯೇ ಒಂಬತ್ತು ಹೆಸರು ಬಂದವು.

ಹೆಸರು ಅಂದರೆ ರೇಷನ್ ಕಾರ್ಡಿನ ಹೆಸರೇ ಆಗಬೇಕಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಜನರನ್ನು ಗುರುತಿಸುತ್ತಿದ್ದದ್ದೇ ಬೇರೆ ಥರ. ಗಲ್ಲಾಪೆಟ್ಟಿಗೆಯ ಶೆಟ್ರು, ದೋಸೆ ಕಲ್ಲಿನ ಅಣ್ಣ, ಕಾಪು ಕಡೆಯ ಉದ್ದದವನು. ಟೇಬಲ್ ಒರೆಸುವ ಹುಡುಗರಿಗೆಲ್ಲ ಒಂದೇ ಹೆಸರು, ಬಾರ್ಕ್ಯಾ. ಅವರು ಹೇಳಿದ ಹಾಗೇ ಬರೆದುಕೊಳ್ಳಿ. "ಕಾಪು ಕಡೆಯ ಉದ್ದದವನು" ಅನ್ನುವುದು ಇವತ್ತು ಅರೆಬರೆ ಗುರುತು ಅನ್ನಿಸಬಹುದು. ನಾಳೆ ಇನ್ನೊಬ್ಬರು ಅದನ್ನು ಓದಿ "ಓ, ಅವನಾ!" ಅಂತ ಪೂರ್ತಿ ಹೆಸರು ಹೇಳುತ್ತಾರೆ. ಊರು ಯಾವುದು, ಯಾವ ಹೋಟೆಲ್, ಯಾವ ಚಾಳು, ಈ ಮೂರನ್ನು ಪ್ರತಿಯೊಬ್ಬರ ಬಗ್ಗೆಯೂ ಕೇಳಿ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ, ಆದರೆ ಮೊದಲು ಕೇಳಿಯೇ. ಅವರು ತುಳುವಿನಲ್ಲೋ ಕೊಂಕಣಿಯಲ್ಲೋ ಶುರು ಮಾಡಿದರೆ ಅದರಲ್ಲೇ ಹೋಗಲಿ. ಪುಸ್ತಕದ ಕನ್ನಡದಲ್ಲಿ ಹೇಳಿಸಿದರೆ ಅರ್ಧ ಕಥೆ ಗಂಟಲಲ್ಲೇ ಉಳಿಯುತ್ತದೆ. ಮಾತಾಡುವಾಗ ನಂಬರ್ ಬಾಯಲ್ಲಿ ಹೇಳುವುದನ್ನು ಮರೆಯಬೇಡಿ. "ಇವನು, ಇವನ ಪಕ್ಕ ಇವನು" ಅಂತ ಒಂದು ಗಂಟೆ ಮುದ್ರಿಸಿಕೊಂಡು ಬಂದು ತಲೆ ಚಚ್ಚಿಕೊಂಡವನು ನಾನು.

ಇನ್ನೊಂದು. ಎಲ್ಲ ಹಿರಿಯರನ್ನೂ ಸಂಘದ ಹಾಲ್‌ನಲ್ಲಿ ಸೇರಿಸಿ ಒಟ್ಟಿಗೆ ಕೇಳೋಣ ಅಂತ ಸಮಿತಿಯವರು ಹೇಳಬಹುದು. ಅದು ಎರಡನೇ ಹಂತಕ್ಕಿರಲಿ. ಗುಂಪಿನಲ್ಲಿ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಮೊದಲು ಒಬ್ಬೊಬ್ಬರನ್ನೇ ಅವರವರ ಮನೆಯಲ್ಲಿ ಕೇಳಿ. ಒಬ್ಬರು ನಂಬರ್ 14 ಅನ್ನು ಒಬ್ಬ ಅಂದರೆ, ಇನ್ನೊಬ್ಬರು ಬೇರೆ ಯಾರೋ ಅಂದರೆ, ಎರಡನ್ನೂ ಬರೆದಿಡಿ, ಯಾರು ಹೇಳಿದ್ದು ಅಂತಲೂ ಸೇರಿಸಿ. ತೀರ್ಪು ಕೊಡುವ ಅವಸರ ಬೇಡ.

ಹೆಂಗಸರನ್ನು ಕೇಳಲು ಮರೆಯಬೇಡಿ. ಸಂಘಗಳ ಹಳೆಯ ವರದಿಗಳಲ್ಲಿ ಅವರು ಗಂಡನ ಹೆಸರಿನ ಹಿಂದೆ "ಶ್ರೀಮತಿ" ಅಷ್ಟೇ. ಅರಸಿನ ಕುಂಕುಮದ ಫೋಟೊದಲ್ಲಿ ಮೂವತ್ತು ಜನ ಕೂತಿರುತ್ತಾರೆ, ಗಂಡಸರಿಗೆ ಮೂರು ಹೆಸರೂ ಗೊತ್ತಿರುವುದಿಲ್ಲ. ಅದೇ ಫೋಟೊವನ್ನು ನಿಮ್ಮ ಅಮ್ಮನ ಕೈಗೆ ಕೊಟ್ಟು ನೋಡಿ. ಯಾರ ಸೀರೆ ಯಾರು ಉಟ್ಟಿದ್ದರು, ಯಾರ ಸರ ಯಾರ ಕತ್ತಿನಲ್ಲಿತ್ತು ಅನ್ನುವುದರ ಜೊತೆಗೆ ತವರಿನ ಹೆಸರೂ ಬರುತ್ತದೆ.

ಈಗ ನೀವು ಕಳಿಸಿದ ಗುಂಪು ಫೋಟೊ. ಅಪ್ಪ ಮುಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು, ಅದು ಬಿಟ್ಟರೆ ಏನೂ ಗೊತ್ತಿಲ್ಲ ಅಂತ ಫೋಟೊದ ಜೊತೆ ಬರೆದಿದ್ದೀರಿ. ಇನ್ನೂ ಸುಮಾರು ಗೊತ್ತಾಗುತ್ತದೆ. ಹಿಂದೆ ಕಟ್ಟಿದ ಬಟ್ಟೆಯ ಬ್ಯಾನರ್ ಮಡಿಚಿಕೊಂಡಿದೆ, ಆದರೂ "ಮೈಸೂರು ರಾಜ್ಯೋ" ಅನ್ನುವಷ್ಟು ಓದಬಹುದು. ಕನ್ನಡ ನಾಡು ಒಂದು ರಾಜ್ಯವಾದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ಕ್ಕೆ. ಅಂದರೆ ಫೋಟೊ ಈ ನಡುವಿನದ್ದು. ಗೋಡೆಯಲ್ಲಿ ನೆಹರೂ ಪಟ ಇದೆ, ಅದಕ್ಕೆ ಗಂಧದ ಹಾರ ಹಾಕಿದೆ. ಬದುಕಿದ್ದವರ ಪಟಕ್ಕೆ ನಮ್ಮ ಜನ ಗಂಧದ ಹಾರ ಹಾಕುವುದಿಲ್ಲ, ಅಲ್ವಾ? ನೆಹರೂ ತೀರಿಕೊಂಡದ್ದು 1964ರ ಮೇ 27ಕ್ಕೆ. ಅಲ್ಲಿಗೆ ಉಳಿದದ್ದು ಒಂಬತ್ತೇ ನವೆಂಬರ್, 1964ರಿಂದ 1972ರವರೆಗೆ.

ಕಿಟಕಿಯಾಚೆ ಇಂಗ್ಲಿಷಿನಲ್ಲಿ "ಬಾಂಬೆ-1" ಅಂತ ಇರುವ ಬೋರ್ಡು ದೊಡ್ಡ ಸುಳಿವು ಅಂತ ನಿಮಗೆ ಅನ್ನಿಸಬಹುದು. ಆರು ಅಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಅದಕ್ಕೆ ಮುಂಚೆ ಫೋರ್ಟ್ ಅಂದರೆ ಬಾಂಬೆ-1, ಮಾಟುಂಗಾ ಅಂದರೆ ಬಾಂಬೆ-19. ಅದೇನೋ ಸರಿ. ಆದರೆ ಬೋರ್ಡನ್ನು ನಂಬಬೇಡಿ. ಪಿನ್‌ಕೋಡ್ ಬಂತು ಅಂತ ಯಾವ ಅಂಗಡಿಯವನೂ ಮರುದಿನ ಪೇಂಟರನ್ನು ಕರೆಸುವುದಿಲ್ಲ. ಹಳೆಯ ಬೋರ್ಡು ಹಳೆಯ ವರ್ಷವನ್ನು ತೋರಿಸಲೇಬೇಕೆಂದಿಲ್ಲ, ಹೊಸದು ಮಾತ್ರ ಮೋಸ ಮಾಡುವುದಿಲ್ಲ.

ನನಗೆ ಆಸೆ ಹುಟ್ಟಿಸಿದ್ದು ನೆಹರೂ ಪಟದ ಕೆಳಗಿನ ಬಿಳಿ ಚೌಕ. ಅದು ಕ್ಯಾಲೆಂಡರ್. ವಾಟ್ಸಾಪ್‌ನಲ್ಲಿ ಕಳಿಸಿದ್ದರಿಂದ ಅಂಕಿಗಳೆಲ್ಲ ಕಲಸಿಹೋಗಿ ಬರೀ ಬೂದು ಕಾಣಿಸುತ್ತಿದೆ. ಆ ಮೂಲೆಯನ್ನು 1200 ಡಿಪಿಐನಲ್ಲಿ (ಇಂಚಿಗೆ ಇಷ್ಟು ಚುಕ್ಕೆ ಅನ್ನುವ ಲೆಕ್ಕ) ಸ್ಕ್ಯಾನ್ ಮಾಡಿ, ಒಂದನೇ ತಾರೀಕು ಯಾವ ವಾರಕ್ಕೆ ಬಿದ್ದಿದೆ ನೋಡಿ. ನವೆಂಬರ್ 1 ಮಂಗಳವಾರವಾದರೆ 1966. ಶುಕ್ರವಾರವಾದರೆ 1968, ಶನಿವಾರವಾದರೆ 1969. ಬುಧವಾರವಾದರೆ 1967 ಇಲ್ಲವೇ 1972. ಭಾನುವಾರ ಅಂದರೆ 1964 ಅಥವಾ 1970, ಸೋಮವಾರ ಅಂದರೆ 1965 ಅಥವಾ 1971. ಈ ಕೊನೆಯ ಎರಡು ಜೋಡಿಗಳಲ್ಲಿ ಗೊಂದಲವಾದರೆ ನೆಹರೂ ಪಕ್ಕದ ಸಣ್ಣ ಪಟ ನೋಡಿ. ಅದು ಲಾಲ್ ಬಹಾದ್ದೂರ್ ಶಾಸ್ತ್ರಿಯವರದ್ದಾಗಿ, ಅದಕ್ಕೂ ಹಾರ ಇದ್ದರೆ ಫೋಟೊ 1966ರ ಜನವರಿ 11ರ ಆಚೆಯದ್ದು. ನಮ್ಮ ಸಂಘಗಳು ರಾಜ್ಯೋತ್ಸವವನ್ನು ಹಾಲ್ ಸಿಕ್ಕಿದ ಭಾನುವಾರಕ್ಕೆ ಇಟ್ಟುಕೊಳ್ಳುತ್ತವೆ, ಡಿಸೆಂಬರಿಗೂ ಎಳೆಯುತ್ತವೆ. ಹಾಗಾಗಿ ಕೊನೆಯ ತಾರೀಕು 30 ಇದೆಯೋ 31 ಇದೆಯೋ ಅದನ್ನೂ ನೋಡಿ. 31 ಇದ್ದರೆ ಡಿಸೆಂಬರ್ ಹಾಳೆ ಅಂದುಕೊಳ್ಳಿ, ಆಗ ನಾನು ಹೇಳಿದ ವಾರಗಳಿಗೆ ಎರಡೆರಡು ದಿನ ಕೂಡಿಸಿ. ಹಾಳೆ ಮಗುಚಲು ಮರೆತಿದ್ದರೆ ಏನು ಮಾಡೋಣ ಅಂತ ಕೇಳಬೇಡಿ. ಅದಕ್ಕೇ ವಸಾಯಿಯವರು ಇರುವುದು.

ಟ್ರಂಕಿನಲ್ಲಿರುವ ಬೇರೆ ಫೋಟೊಗಳಿಗೂ ಇದೇ ಕಣ್ಣು ಸಾಕು. ಹೋಟೆಲಿನ ದರಪಟ್ಟಿಯಲ್ಲಿ ಆಣೆ ಮಾತ್ರ ಇದ್ದರೆ ಅದು 1957ಕ್ಕಿಂತ ಮುಂಚಿನದ್ದಿರಬಹುದು. "ನಯಾ ಪೈಸೆ" ಅಂತ ಇದ್ದರೆ ಆ ಬೋರ್ಡು ಬರೆಸಿದ್ದು 1957ರ ಏಪ್ರಿಲ್‌ನಿಂದ 1964ರ ಜೂನ್ ನಡುವೆ. ಕಿಂಗ್ಸ್ ಸರ್ಕಲ್ ಕಡೆ ಟ್ರಾಮ್ ಓಡುತ್ತಿದ್ದರೆ 1964ರ ಮಾರ್ಚ್ 31ರ ಒಳಗಿನದ್ದು, ಮುಂಬಯಿಯ ಕೊನೆಯ ಟ್ರಾಮ್ ಓಡಿದ್ದು ಅವತ್ತೇ. ಬರೀ ಹಳಿ ಕಂಡರೆ ಲೆಕ್ಕಕ್ಕಿಲ್ಲ, ಹಳಿಗಳು ಆಮೇಲೂ ರಸ್ತೆಯಲ್ಲಿ ಹಾಗೇ ಇದ್ದವು. ಕಾರಿನ ನಂಬರ್ ಪ್ಲೇಟ್ ಎಂಎಚ್-01 ಥರ ಶುರುವಾದರೆ ಅದು 1989ರಿಂದ ಈಚಿನದ್ದು.

ಇನ್ನು ಟ್ರಂಕು. ಎಲ್ಲವನ್ನೂ ನೆಲಕ್ಕೆ ಸುರಿದು, ಮದುವೆ ಒಂದು ಕಡೆ, ನಾಟಕ ಒಂದು ಕಡೆ ಅಂತ ವಿಂಗಡಿಸುವ ಕೆಲಸ ದಯವಿಟ್ಟು ಮಾಡಬೇಡಿ. ಮಾಡಿಬಿಟ್ಟಿದ್ದರೆ ಅಷ್ಟಕ್ಕೇ ನಿಲ್ಲಿಸಿ. ಕಾರ್ಯದರ್ಶಿಯಾಗಿದ್ದವರು ಯಾವುದರ ಜೊತೆ ಯಾವುದನ್ನು ಇಟ್ಟರು ಅನ್ನುವುದೂ ಒಂದು ಮಾಹಿತಿಯೇ. ಒಂದು ಶನಿ ಪೂಜೆಯ ರಸೀದಿ ಪುಸ್ತಕದ ಒಳಗೆ ನಾಲ್ಕು ಫೋಟೊ ಸಿಕ್ಕಿದರೆ, ಅವು ಆ ಪೂಜೆಯವೇ ಇರಬೇಕು ಅಂತ ಊಹಿಸಬಹುದು, ವರ್ಷ ರಸೀದಿಯಲ್ಲೇ ಇರುತ್ತದೆ. ಬೇರೆ ಮಾಡಿದಿರೋ, ಎರಡೂ ಮೂಕ. ಒಂದೊಂದು ಪದರ ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ರಸೀದಿ, ಆಮಂತ್ರಣ, ಹಳೆಯ ಸಂಚಿಕೆಯ ಜಾಹೀರಾತಿನ ಪುಟ, ಯಾವುದನ್ನೂ ರದ್ದಿಗೆ ಹಾಕಬೇಡಿ. ಯಾವ ಹೋಟೆಲ್ ಎಲ್ಲಿತ್ತು ಅನ್ನುವುದಕ್ಕೆ ಎಷ್ಟೋ ಸಲ ಆ ಜಾಹೀರಾತೇ ಸಾಕ್ಷಿ.

ಸ್ಕ್ಯಾನ್ ಮಾಡಲು ಎಲ್ಲರೂ ಹಳೆಯ ಕಪ್ಪು ಬಿಳುಪಿನಿಂದ ಶುರು ಮಾಡುತ್ತಾರೆ. ನೀವು ಬಣ್ಣದ ಫೋಟೊದಿಂದ ಶುರು ಮಾಡಿ. ಕಪ್ಪು ಬಿಳುಪು ಚಿತ್ರ ಬೆಳ್ಳಿಯದ್ದು. ಚೆನ್ನಾಗಿ ತೊಳೆದ ಪ್ರಿಂಟ್ ಆದರೆ ನಮ್ಮೆಲ್ಲರಿಗಿಂತ ಹೆಚ್ಚು ಬಾಳುತ್ತದೆ. ಅಂಚಿನಲ್ಲಿ ಕನ್ನಡಿಯ ಹಾಗೆ ನೀಲಿ ಹೊಳಪು ಬಂದಿದ್ದರೆ ಅದೂ ಬೆಳ್ಳಿಯೇ, ಮೇಲಕ್ಕೆ ಬಂದಿದೆ. ಉಜ್ಜಬೇಡಿ. ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಪ್ರಿಂಟ್ ಹಾಗಲ್ಲ. ಅದರಲ್ಲಿರುವುದು ಬರೀ ಬಣ್ಣದ ರಾಸಾಯನಿಕ, ಕತ್ತಲಲ್ಲಿ ಮುಚ್ಚಿಟ್ಟರೂ ಮಾಸುತ್ತದೆ. ಮೊದಲು ಹಸಿರು ನೀಲಿ ಹೋಗುತ್ತದೆ, ಆಮೇಲೆ ಇಡೀ ಮದುವೆ ಮಂಟಪವೇ ಕೆಂಪಗಾಗುತ್ತದೆ. ನಿಮ್ಮ ಮನೆಯಲ್ಲೂ ಅಂಥ ಆಲ್ಬಂ ಇರಲೇಬೇಕು. ಅವುಗಳ ಜೊತೆ ವಿಡಿಯೊ ಕ್ಯಾಸೆಟ್ ಇದ್ದರೆ ಅದನ್ನೂ ತಡ ಮಾಡಬೇಡಿ. ಟೇಪೂ ಹಾಳಾಗುತ್ತದೆ, ಅದನ್ನು ಓಡಿಸುವ ಯಂತ್ರವೂ ಸಿಗುತ್ತಿಲ್ಲ.

ಬೆಣ್ಣೆ ಕಾಗದದ ಕವರಿನಲ್ಲಿ ನೆಗೆಟಿವ್ ಸಿಕ್ಕರೆ ಪ್ರಿಂಟಿಗಿಂತ ಹುಷಾರಾಗಿ ನೋಡಿಕೊಳ್ಳಿ. ಮೂಲ ಅದೇ. ಮೂಸಿದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಒಳಗೇ ಕೊಳೆಯುತ್ತಿದೆ ಅಂತ ಅರ್ಥ. ಅದನ್ನು ಉಳಿದವುಗಳಿಂದ ದೂರ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ.

ಸ್ಕ್ಯಾನರ್ ಯಾವ ಕಂಪನಿಯದ್ದಾದರೂ ಪರವಾಗಿಲ್ಲ, ಗಾಜಿನ ಮೇಲೆ ಇಟ್ಟು ಮುಚ್ಚುವ ಥರದ್ದಾಗಿರಲಿ. ಕಾಗದವನ್ನು ರೋಲರಿನೊಳಗೆ ಎಳೆದುಕೊಳ್ಳುವ ಥರದ್ದು ಹಳೆಯ ಫೋಟೊಗೆ ಬೇಡವೇ ಬೇಡ. ಸಾಮಾನ್ಯ ಪ್ರಿಂಟಿಗೆ 600 ಡಿಪಿಐ, ಸಣ್ಣ ಮುಖಗಳಿರುವ ಗುಂಪು ಫೋಟೊಗೆ 1200. ಕಪ್ಪು ಬಿಳುಪಾದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ನೆರಳು ಯಾವುದು ಅಂತ ಗೊತ್ತಾಗುತ್ತದೆ. ವಿವರ ಕಳೆದುಹೋಗದ ಟಿಫ್ ಫೈಲ್ ಆಗಿ ಉಳಿಸಿ, ಹಂಚುವುದಕ್ಕೆ ಹಗುರವಾದ ಜೆಪೆಗ್ ಪ್ರತಿ ಬೇರೆ ಮಾಡಿಕೊಳ್ಳಿ. 4x6 ಇಂಚಿನ ಒಂದು ಫೋಟೊ 600 ಡಿಪಿಐನಲ್ಲಿ ಸುಮಾರು 26 ಎಂಬಿ ಆಗುತ್ತದೆ. ನಿಮ್ಮ 400 ಫೋಟೊ ಸೇರಿದರೂ 10 ಜಿಬಿ ಚಿಲ್ಲರೆ, ಒಂದು ಪೆನ್‌ಡ್ರೈವಿಗೆ ಆಯಿತು. ಗುಂಪು ಫೋಟೊಗಳು ಇದರ ನಾಲ್ಕು ಪಟ್ಟು ಜಾಗ ತಿನ್ನುತ್ತವೆ, ತಿನ್ನಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊ ಮೊಹರು, ಯಾರೋ ಹಾಕಿದ ಕೂಡು ಲೆಕ್ಕ, ಪೇಪರಿನ ಕಂಪನಿಯ ಹೆಸರು ಎಲ್ಲವೂ ಕೆಲಸಕ್ಕೆ ಬರುತ್ತವೆ. ಮೂರು ಪ್ರತಿ ಇಡಿ, ಅದರಲ್ಲಿ ಒಂದು ಮುಂಬಯಿಯಿಂದ ಹೊರಗೆ, ಊರಿನ ಮನೆಯಲ್ಲಿರಲಿ. ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಬೇಕಾದರೆ ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಿ, ಆಗ ಕ್ಯಾಲೆಂಡರ್ ಕಲಸುವುದಿಲ್ಲ.

ಅಂಟಿಕೊಂಡವುಗಳ ಬಗ್ಗೆ ಹೇಳುವುದಕ್ಕೆ ನನಗೆ ಸ್ವಲ್ಪ ಸಂಕೋಚ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆಗ ನಮ್ಮ ಮನೆ ಕಲಿನಾದಲ್ಲಿ, ನೆಲಮಹಡಿ. ನೀರು ಮಂಚದ ಮೇಲೆ ಬಂತು. ಎರಡು ದಿನ ಬಿಟ್ಟು ಒಳಗೆ ಹೋದಾಗ ಅಮ್ಮನ ಮದುವೆಯ ಫೋಟೊ ಚೌಕಟ್ಟಿನ ಗಾಜಿಗೆ ಮೆತ್ತಿಕೊಂಡಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನಾನು, ಅವತ್ತು ಯಾವ ಗಡಿಬಿಡಿಯೋ, ಮೂಲೆ ಹಿಡಿದು ಎಳೆದೆ. ಅಮ್ಮನ ಎಡಗೆನ್ನೆ, ಮೂಗುಬೊಟ್ಟು ಗಾಜಿನ ಮೇಲೇ ಉಳಿದವು. ಆಲ್ಬಂಗಳನ್ನು ಬಿಸಿಲಿಗೆ ಇಟ್ಟೆ, ಅದು ಎರಡನೇ ತಪ್ಪು. ಒಣಗಿ ಇಟ್ಟಿಗೆಯಾದವು.

ಮಾಡಬೇಕಾಗಿದ್ದದ್ದು ಏನು ಅಂದರೆ, ಗಾಜಿಗೆ ಹಿಡಿದ ಫೋಟೊವನ್ನು ಗಾಜಿನ ಸಮೇತ ಹಾಗೇ ಸ್ಕ್ಯಾನ್ ಮಾಡಬೇಕಿತ್ತು. ಒದ್ದೆಯಾದ ಪ್ರಿಂಟುಗಳು ಒಣಗುವ ಮೊದಲೇ ತಣ್ಣನೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ಬಿಡಿಸಿ, ಚಿತ್ರ ಮೇಲೆ ಮಾಡಿ, ನೆರಳಿನಲ್ಲಿ ಹಳೆಯ ಪಂಚೆಯ ಮೇಲೆ ಹರಡಬೇಕಿತ್ತು. ಅಷ್ಟು ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಬೇಕು, ಆಮೇಲೆ ನಿಧಾನ ಬಿಡಿಸಬಹುದು. ನಿಮ್ಮವು ಅಂಟಿಕೊಂಡೇ ಒಣಗಿಹೋದವು. ಅವನ್ನು ಮುಟ್ಟಬೇಡಿ, ಈ ಕೆಲಸ ಗೊತ್ತಿರುವವರ ಹತ್ತಿರ ಕೊಡಿ. ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಂ ಬರುತ್ತಿತ್ತಲ್ಲ, ಅದರಿಂದ ತೆಗೆಯಲು ಮಾತ್ರ ಹಲ್ಲಿನ ಸಂದಿಗೆ ಹಾಕುವ ದಾರವನ್ನು ಫೋಟೊದ ಹಿಂದೆ ಗರಗಸದ ಹಾಗೆ ನಿಧಾನ ಆಡಿಸಿ ನೋಡಬಹುದು. ಬರದಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ.

ಬೂಸ್ಟು ಹಿಡಿದವನ್ನು ಬೇರೆ ಇಟ್ಟು ಫ್ಯಾನಿನ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಬಾಲ್ಕನಿಯಲ್ಲಿ ನಿಂತು, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆ, ಡೆಟ್ಟಾಲ್, ಸ್ಪಿರಿಟ್ ಏನೂ ಬೇಡ. ಹೊಸ ಮನೆಯಲ್ಲಿ ಅಟ್ಟಕ್ಕೆ ಏರಿಸಬೇಡಿ, ಮಳೆಗಾಲದಲ್ಲಿ ತೇವ ಬರುವ ಹೊರಗೋಡೆಗೆ ತಾಗಿಸಬೇಡಿ. ಮಲಗುವ ಕೋಣೆಯ ಕಬ್ಬಿಣದ ಕಪಾಟಿನ ನಡುವಿನ ಖಾನೆ ಎಲ್ಲಕ್ಕಿಂತ ವಾಸಿ. ಜೊತೆಗೆ ಸಿಲಿಕಾ ಜೆಲ್ ಇಡಿ, ನ್ಯಾಫ್ತಲಿನ್ ಗುಳಿಗೆ ಬೇಡ. ಹೆಸರು ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ. ಬಾಲ್‌ಪೆನ್ ಒತ್ತಿದರೆ ಮುಂದುಗಡೆ ಮುಖದ ಮೇಲೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಥರದ ನುಣುಪು ಪ್ರಿಂಟಿನ ಮೇಲೆ ಪೆನ್ಸಿಲ್ ಹತ್ತುವುದಿಲ್ಲ. ಅದನ್ನು ಕವರಿಗೆ ಹಾಕಿ, ಕವರಿನ ಮೇಲೆ ಮೊದಲೇ ಬರೆದಿಡಿ.

ಬಿಸಾಡುವುದು ಏನು ಅಂತ ಕೇಳಿದ್ದೀರಿ. ಏನೂ ಇಲ್ಲ. ಒಂದೇ ಫೋಟೊದ ನಾಲ್ಕು ಪ್ರತಿ ಇದ್ದರೆ ಅದರಲ್ಲಿರುವವರ ಮನೆಗೆ ಕೊಡಿ. ಕೊಟ್ಟ ಮನೆಯಿಂದ ಇನ್ನೆರಡು ಫೋಟೊ ತಿರುಗಿ ಬರುತ್ತವೆ, ಇದು ನಾನು ಎಷ್ಟೋ ಸಲ ನೋಡಿದ್ದು.

ಸ್ಮರಣ ಸಂಚಿಕೆಯ ವಿಷಯದಲ್ಲಿ ಸಮಿತಿಯವರ ಜೊತೆ ಸ್ವಲ್ಪ ಗಟ್ಟಿಯಾಗಿರಿ. ಮೂಲ ಫೋಟೊ ಪ್ರೆಸ್ಸಿಗೆ ಕೊಡಬೇಡಿ, ಹೋದದ್ದು ಬರುವುದಿಲ್ಲ. ಮಸುಕಾದ ಮುಖಗಳನ್ನು ಕಂಪ್ಯೂಟರಿನಲ್ಲಿ "ಸ್ಪಷ್ಟ" ಮಾಡುವ, ಬಣ್ಣ ಹಾಕುವ ಆಟ ಈಗ ಮೊಬೈಲಿನಲ್ಲೇ ಇದೆ. ಅದು ಇಲ್ಲದ ಕಣ್ಣು ಮೂಗನ್ನು ಊಹಿಸಿ ಬರೆಯುತ್ತದೆ. ನನ್ನ ಗೆಳೆಯರೊಬ್ಬರು ತಮ್ಮ ತಂದೆಯ ಫೋಟೊವನ್ನು ಹಾಗೆ ಒಂದು ಸ್ಟುಡಿಯೊದಲ್ಲಿ ಮಾಡಿಸಿದರು. ಚೆಂದವೇ ಬಂತು, ಆದರೆ ಹುಬ್ಬಿನ ಮೇಲಿನ ಗಾಯದ ಗುರುತು ಮಾಯ. ಅದು ಬಾಯ್ಲರಿನ ಮುಚ್ಚಳ ತಾಗಿ ಆದದ್ದು, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ಮಾಡಲೇಬೇಕು ಅಂದರೆ ಕೆಳಗೆ "ಬಣ್ಣ ಈಗ ಹಾಕಿದ್ದು" ಅಂತ ಅಚ್ಚು ಮಾಡಿಸಿ, ಮೂಲವನ್ನೂ ಪಕ್ಕದಲ್ಲಿ ಹಾಕಿಸಿ.

ಹಕ್ಕು ಯಾರದ್ದು ಅನ್ನುವ ಜಗಳ ಬರಬಹುದು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಸಂಘದ ದುಡ್ಡಿನಿಂದ ತೆಗೆಸಿದ್ದು ಸಂಘದ್ದು, ನಿಮ್ಮಪ್ಪ ತೆಗೆಸಿದ್ದು ನಿಮ್ಮ ಮನೆಯದ್ದು. ಕಾಯ್ದೆ ಅಲ್ಲಿಗೆ ಮುಗಿಯಿತು, ಮರ್ಯಾದೆಯ ಪ್ರಶ್ನೆ ಬೇರೆ. ಯಾರಾದರೂ ಹೆಂಗಸು ಆ ಫೋಟೊ ಹಾಕಬೇಡಿ ಅಂದರೆ ಹಾಕಬೇಡಿ, ಕಾರಣ ಕೇಳಬೇಡಿ.

ಮುಂದೆ ಇದನ್ನೆಲ್ಲ ಎಲ್ಲಿಡುವುದು ಅನ್ನುವ ಯೋಚನೆಗೆ ಅವಸರವಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಇದೆ. ಇಂಥ ಕಡೆ ಹೋಗಿ ಮಾತಾಡಿ ನೋಡಬಹುದು. ಎಲ್ಲಿ ಕೊಟ್ಟರೂ ಬರಹದಲ್ಲಿ ಒಪ್ಪಂದ ಇರಲಿ, ಸ್ಕ್ಯಾನ್ ಪ್ರತಿ ನಿಮ್ಮ ಹತ್ತಿರ ಇರಲಿ.

ಮತ್ತೆ ಆ ಗುಂಪು ಫೋಟೊಗೆ ಬರುತ್ತೇನೆ. ಬಲತುದಿಯಲ್ಲಿ, ಸಾಲಿನಿಂದ ಹೊರಗೆ, ಒಬ್ಬ ಹುಡುಗ ನಿಂತಿದ್ದಾನೆ. ಅರ್ಧ ದೇಹ ಮಾತ್ರ ಚೌಕಟ್ಟಿನಲ್ಲಿದೆ. ಉಳಿದವರೆಲ್ಲ ತಲೆ ಬಾಚಿ ಇಸ್ತ್ರಿ ಅಂಗಿ ಹಾಕಿದ್ದಾರೆ. ಇವನ ಹೆಗಲ ಮೇಲೆ ಟೇಬಲ್ ಒರೆಸುವ ಬಟ್ಟೆ ಹಾಗೇ ಇದೆ, ಕಾಲಲ್ಲಿ ಚಪ್ಪಲಿ ಇಲ್ಲ. ಪಾಳಿ ಮುಗಿಸಿ ಓಡಿ ಬಂದನೋ, ಚಹಾ ಕೊಡಲು ಬಂದವನು ನಿಂತನೋ ಗೊತ್ತಿಲ್ಲ. ಸಂಚಿಕೆಗೆ ಹಾಕುವಾಗ ಅಂಚು ನೀಟಾಗಲಿ ಅಂತ ಮೊದಲು ಕತ್ತರಿಸುವುದು ಇವನನ್ನೇ. ನಂಬರ್ ಹಾಕುವಾಗ ಇವನಿಗೂ ಒಂದು ಹಾಕಿ. ವಸಾಯಿಯವರನ್ನು ಇವನ ಬಗ್ಗೆಯೇ ಮೊದಲು ಕೇಳಿ, ಅಪ್ಪನ ಬಗ್ಗೆ ಆಮೇಲೆ.

ನಿಮ್ಮ ಪಕ್ಕದ ಕೋಪರ್ ಸ್ಟೇಷನ್ನಿನಿಂದ ವಸಾಯಿ ರೋಡ್‌ಗೆ ನೇರ ಗಾಡಿ ಇದೆ, ಆದರೆ ಕಡಿಮೆ. ಹೊತ್ತು ನೋಡಿಕೊಂಡು ಬೆಳಿಗ್ಗೆಯೇ ಹೊರಡಿ. ಊಟದ ಹೊತ್ತಿಗೆ ಮಾತು ಮುಗಿಸಿ, ಅವರನ್ನು ಮಲಗಲು ಬಿಡಿ. ಉಳಿದದ್ದು ಇನ್ನೊಂದು ಭಾನುವಾರಕ್ಕೆ.